ಖಾಲಿ ನಿವೇಶನದ ಟಿಟ್ಟಿಭ

ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಚಿತ್ರ ತೆಗೆಯಬೇಕೆಂಬ ಒಂದೇ ಆಸೆಯಿಂದ ನಾನು ಕ್ಯಾಮೆರಾ ಕೊಂಡೆ. ಮಧ್ಯ ಏಷ್ಯಾದ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳು ನಮ್ಮ ಕೃಷ್ಣೆಯ ದಂಡೆಯ ಹೊಲಗಳಲ್ಲಿ ಮೇಯುತ್ತವೆ ಎಂಬುದೇ ನನಗೆ ದೊಡ್ಡ ಸೋಜಿಗವಾಗಿತ್ತು. ಎರಡು ಚಳಿಗಾಲ, ರಜೆ ಸಿಕ್ಕಾಗಲೆಲ್ಲ, ವಿಜಯಪುರದಿಂದ ನಸುಕಿನಲ್ಲೇ ಬೈಕ್ ಹತ್ತಿ ಹೋಗಿ ಬಂದೆ. ಹಕ್ಕಿಗಳು ಕೆಸರುದಿಬ್ಬದ ಆಚೆ ಕೂತಿರುತ್ತಿದ್ದವು. ನನ್ನ 70–300 ಮಿ.ಮೀ. ಲೆನ್ಸಿಗೆ ಅವು ಚೆಲ್ಲಿದ ಅಕ್ಕಿಕಾಳುಗಳಂತೆ ಕಾಣುತ್ತಿದ್ದವು. ಹತ್ತು ಗಂಟೆ ದಾಟಿತೆಂದರೆ ನೆಲದಿಂದೇಳುವ ಬಿಸಿಲಿನ ಝಳದಲ್ಲಿ ಆ ಕಾಳುಗಳೂ ಕಲಸಿಹೋಗುತ್ತಿದ್ದವು. ದೋಷ ಲೆನ್ಸಿನದೆಂದು ತೀರ್ಮಾನಿಸಿ, ದೊಡ್ಡ ಲೆನ್ಸಿಗೆ ಹಣ ಕೂಡಿಸತೊಡಗಿದ್ದೆ.

ಅಷ್ಟರಲ್ಲಿ ಬೇಸಿಗೆ ಬಂತು. ಹೆಬ್ಬಾತುಗಳು ಮರಳಿದವು, ನಾನು ಮನೆಯಲ್ಲಿ ಉಳಿದೆ. ನಮ್ಮ ಮನೆ ಊರ ಅಂಚಿನ ಬಡಾವಣೆಯಲ್ಲಿದೆ. ಹಿಂದೆ ಇನ್ನೂ ಮನೆ ಏಳದ ಏಳೆಂಟು ನಿವೇಶನಗಳು, ಅವುಗಳ ನಡುವೆ ಗರಸು ಹಾಕಿದ ರಸ್ತೆ, ಬಳ್ಳಾರಿ ಜಾಲಿಯ ಪೊದೆಗಳು ಮತ್ತು ಒಂದು ಬೇವಿನ ಮರ ಇವೆ. ಕಚೇರಿಗೆ ಹೊರಡುವ ಮುನ್ನ ದಿನವೂ ಒಂದೂವರೆ ಗಂಟೆ ಮಾಳಿಗೆಯ ಮೇಲೆ ಕೂತು ನೋಡತೊಡಗಿದೆ. ಮೊದಲ ವಾರದಲ್ಲೇ ಗೊತ್ತಾದ ಸಂಗತಿಯೆಂದರೆ, ಮಾಳಿಗೆ ನೋಡುವುದಕ್ಕೆ ಒಳ್ಳೆಯ ಜಾಗವೇ ಹೊರತು ಚಿತ್ರ ತೆಗೆಯುವುದಕ್ಕಲ್ಲ. ಮೇಲಿನಿಂದ ತೆಗೆದರೆ ಹಕ್ಕಿಯ ಬೆನ್ನು ಸಿಗುತ್ತದೆ, ಕಣ್ಣು ಸಿಗುವುದಿಲ್ಲ. ಆದ್ದರಿಂದ ಕೆಳಗಿಳಿದು, ಅರ್ಧಕ್ಕೆ ನಿಂತ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ, ಬೆಳಗಿನ ಸೂರ್ಯ ನನ್ನ ಬೆನ್ನಿಗಿರುವಂತೆ ಒಂದು ಗೋಣಿಚೀಲ ಹಾಸಿ ಕೂರುವುದನ್ನು ರೂಢಿಸಿಕೊಂಡೆ. ದಿನವೂ ಅದೇ ಜಾಗ, ಅದೇ ಹೊತ್ತು, ಅದೇ ಮಾಸಿದ ಖಾಕಿ ಅಂಗಿ. ಐದಾರು ದಿನಗಳಲ್ಲಿ ಹರಟೆಮಲ್ಲಗಳ ಗುಂಪು ನನ್ನನ್ನು ಗೋಡೆಯ ಭಾಗವೆಂದೇ ಪರಿಗಣಿಸಿ, ನಾಲ್ಕು ಮಾರು ದೂರದಲ್ಲಿ ತರಗೆಲೆ ಕೆದಕತೊಡಗಿತು. ಹಕ್ಕಿಯ ಹಿಂದೆ ನಡೆದು ಎಂದೂ ದೊರೆಯದ ಸಾಮೀಪ್ಯ ಕೂತಲ್ಲೇ ದೊರೆತಿತ್ತು.

ಬೇವಿನ ನೆರಳಿನಲ್ಲಿ ಒಡೆದ ಹರವಿಯ ತಳವನ್ನು ಮಣ್ಣಿನಲ್ಲಿ ಹುಗಿದು ನೀರು ತುಂಬಿದೆ. ನೀರಿನ ಆಳ ಎರಡು ಬೆರಳಿಗಿಂತ ಹೆಚ್ಚಿರಬಾರದು. ಆಳವಾದರೆ ಗುಬ್ಬಿ, ಸೂರಕ್ಕಿಗಳಂಥ ಸಣ್ಣ ಹಕ್ಕಿಗಳು ಇಳಿಯಲು ಹಿಂಜರಿಯುತ್ತವೆ. ಅದಕ್ಕಾಗಿ ನಡುವೆ ಒಂದು ಒರಟು ಕಲ್ಲನ್ನೂ ಇಟ್ಟೆ. ಸೊಳ್ಳೆ ಹುಟ್ಟದಂತೆ ದಿನವೂ ನೀರು ಬದಲಿಸಿ, ಪಾತ್ರೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು. ನನಗೆ ಹೆಚ್ಚು ಪ್ರಯೋಜನವಾದದ್ದು ಪಾತ್ರೆಯಿಂದ ಎರಡು ಅಡಿ ದೂರದಲ್ಲಿ ನೆಟ್ಟ ಒಣ ಜಾಲಿಯ ಕೊಂಬೆ. ಬಹುತೇಕ ಹಕ್ಕಿಗಳು ನೇರವಾಗಿ ನೀರಿಗೆ ಇಳಿಯುವುದಿಲ್ಲ. ಮೊದಲು ಹತ್ತಿರದಲ್ಲೊಂದು ಕಡೆ ಕೂತು, ಸುತ್ತ ಬೆಕ್ಕು ನಾಯಿಗಳಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಇಳಿಯುತ್ತವೆ. ಆ ಎರಡು ಮೂರು ಸೆಕೆಂಡುಗಳೇ ಚಿತ್ರದ ಹೊತ್ತು. ಹಿನ್ನೆಲೆಯಲ್ಲಿ ವಿದ್ಯುತ್ ತಂತಿಯಾಗಲಿ ಪ್ಲಾಸ್ಟಿಕ್ ಚೀಲವಾಗಲಿ ಬರದಂತೆ ಕೊಂಬೆಯನ್ನು ನೆಟ್ಟು, ಮೊದಲೇ ಅದರ ತುದಿಗೆ ಫೋಕಸ್ ಮಾಡಿಟ್ಟುಕೊಂಡರೆ, ಪಿಕಳಾರ ಬಂದು ಕೂತಾಗ ಗುಂಡಿ ಒತ್ತುವ ಕೆಲಸವಷ್ಟೇ ಉಳಿಯುತ್ತದೆ.

ಬೆಳಕಿನ ಲೆಕ್ಕವನ್ನು ಕಾಜಾಣ ಕಲಿಸಿತು. ಕ್ಯಾಮೆರಾ ತಾನೇ ಅಳೆದಂತೆ ಬಿಟ್ಟರೆ, ಬಿಳಿ ಆಕಾಶದ ಮುಂದೆ ಕೂತ ಈ ಹಕ್ಕಿ ಬರೀ ಇದ್ದಿಲ ತುಂಡು. ಎಕ್ಸ್‌ಪೋಶರನ್ನು (ಕ್ಯಾಮೆರಾ ಒಳಬಿಡುವ ಬೆಳಕನ್ನು) ಒಂದು ಹಂತ ಏರಿಸಿದಾಗ ಗರಿಗಳ ನೀಲಿ ಹೊಳಪು ಮೂಡಿತು. ಬೆಳ್ಳಕ್ಕಿಗೆ ಇದರ ತಿರುವುಮುರುವು: ಕಪ್ಪು ಎರೆಹೊಲದಲ್ಲಿ ನಿಂತಾಗ ಇಳಿಸದಿದ್ದರೆ ಅದು ಸುಣ್ಣದ ಕಲೆಯಾಗಿಬಿಡುತ್ತದೆ.

ಏಪ್ರಿಲ್‌ನಲ್ಲಿ ಮೂರನೆಯ ನಿವೇಶನದಲ್ಲಿ ಕೆಂಪು ಟಿಟ್ಟಿಭದ ಜೋಡಿಯೊಂದು ಮೊಟ್ಟೆಯಿಟ್ಟಿತು. ಗೂಡೆಂದರೆ ಗರಸಿನಲ್ಲಿ ಕೆರೆದ ಅಂಗೈಯಗಲದ ತಗ್ಗು, ಸುತ್ತ ಸಣ್ಣ ಕಲ್ಲು ಮತ್ತು ಆಡಿನ ಹಿಕ್ಕೆ. ಒಳಗೆ ಚೂಪು ತುದಿಗಳನ್ನು ಒಳಮುಖವಾಗಿ ಜೋಡಿಸಿದಂತಿದ್ದ, ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆಗಳಿದ್ದ ನಾಲ್ಕು ಮೊಟ್ಟೆಗಳು. ಅವು ಕಣ್ಣಿಗೆ ಬಿದ್ದದ್ದೇ ತಡ, ನಾನು ಕೂತು ನೋಡುವ ನನ್ನ ನಿಯಮವನ್ನೇ ಮರೆತೆ. ರಜೆಯ ದಿನ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಹತ್ತು ಹೆಜ್ಜೆ ಹತ್ತಿರಕ್ಕೆ ಹೋಗಿ, ಹಕ್ಕಿ ಹಾರಿ ಬರುವುದನ್ನು ಹಿಡಿಯಲು 1/1600 ಸೆಕೆಂಡ್ ವೇಗವಿಟ್ಟು ಅರ್ಧ ಗಂಟೆ ನಿಂತೆ. ಎರಡೂ ಹಕ್ಕಿಗಳು ತಲೆಯ ಮೇಲೆ ಸುತ್ತುತ್ತ ಚೀರಿದವು. ನನಗೆ ಒಳ್ಳೆಯ ಚಿತ್ರಗಳು ಸಿಗುತ್ತಿವೆ ಎಂದೇ ಅನ್ನಿಸಿತು.

ರಾತ್ರಿ ಕಂಪ್ಯೂಟರಿನಲ್ಲಿ ಚಿತ್ರವನ್ನು ಹಿಗ್ಗಿಸಿದಾಗ, ಹಕ್ಕಿಯ ಹೊಟ್ಟೆಯ ಬಿಳಿ ಗರಿಗಳು ಒದ್ದೆಯಾಗಿ ಎಳೆಎಳೆಯಾಗಿ ಜೋತುಬಿದ್ದದ್ದು, ತುದಿಯಲ್ಲೊಂದು ಹನಿ ನಿಂತದ್ದು ಕಂಡಿತು. ಟಿಟ್ಟಿಭಗಳು ಸುಡುಬಿಸಿಲಿನಲ್ಲಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಸುತ್ತವೆ ಎಂದು ಓದಿದ್ದೆ. ಅಂದರೆ ಆ ಹಕ್ಕಿ ರಸ್ತೆಯ ತುದಿಯಲ್ಲಿ ಸೋರುವ ವಾಲ್ವಿನ ಗುಂಡಿಯಿಂದ ನೀರು ಹೊತ್ತು ತಂದಿತ್ತು. ಇಳಿಯಬೇಕಾದ ಜಾಗದಲ್ಲಿ ನಾನು ನಿಂತಿದ್ದೆ. ಅದು ಸುತ್ತುತ್ತಿದ್ದಷ್ಟು ಹೊತ್ತೂ ಮೊಟ್ಟೆಗಳು ನೆರಳಿಲ್ಲದೆ ಬೇಯುತ್ತಿದ್ದವು. ಹಲವು ಛಾಯಾಚಿತ್ರ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ಏಕೆ ಸ್ವೀಕರಿಸುವುದಿಲ್ಲವೆಂಬುದು ಯಾರೂ ಹೇಳದೆಯೇ ಅರ್ಥವಾಯಿತು. ಆ ಚಿತ್ರವನ್ನು ಇದುವರೆಗೆ ಯಾರಿಗೂ ಕಳಿಸಿಲ್ಲ, ಅಳಿಸಿಯೂ ಇಲ್ಲ.

ಮರುದಿನದಿಂದ ಗೋಡೆಯ ಬದಿಗೇ ಮರಳಿದೆ, ಬೆಳಿಗ್ಗೆ ಮಾತ್ರ, ದುರ್ಬೀನಿನೊಂದಿಗೆ. ಕಾವಿಗೆ ಕೂತ ಹಕ್ಕಿ ಎದ್ದು ನಿಂತು ಕತ್ತು ಮೇಲೆ ಕೆಳಗೆ ಆಡಿಸಿತೆಂದರೆ ನಾನು ಇನ್ನೂ ದೂರ ಸರಿಯಬೇಕೆಂದು ಅರ್ಥ. ಹಾಗೆ ಸರಿಯುತ್ತ ಹೋಗಿ ಕೊನೆಗೆ ನಲವತ್ತು ಹೆಜ್ಜೆಯ ಅಂತರಕ್ಕೆ ಅದು ಒಪ್ಪಿಕೊಂಡಿತು. ಪಕ್ಕದ ಬೀದಿಯ ಹಿರಿಯರೊಬ್ಬರು ಆಡುಗಳನ್ನು ಹೊಡೆದುಕೊಂಡು ಬಂದವರು, "ಅದು ಆಕಾಶ ಬೀಳ್ತೈತಂತ ಕಾಲ ಮ್ಯಾಲ ಮಾಡಿ ಮಲಗೂ ಹಕ್ಕಿರೀ, ನೀವ್ಯಾಕ ಅದರ ಕಾವಲಕ್ಕ ಕುಂತೀರಿ?" ಎಂದು ನಕ್ಕರು. ಆದರೆ ಅಂದಿನಿಂದ ಆಡುಗಳನ್ನು ಆಚೆಯ ರಸ್ತೆಯಲ್ಲಿ ಹೊಡೆದುಕೊಂಡು ಹೋದರು.

ಮೇ ತಿಂಗಳಲ್ಲಿ ಮೂರು ಮರಿಗಳು ಹೊರಬಂದವು. ಒಂದು ಮೊಟ್ಟೆ ಒಡೆಯಲೇ ಇಲ್ಲ. ಅದಕ್ಕೆ ನನ್ನ ಆ ಅರ್ಧ ಗಂಟೆಯೇ ಕಾರಣವೋ ಅಲ್ಲವೋ ಹೇಳಲಾರೆ. ಈ ಮರಿಗಳು ಗೂಡಿನಲ್ಲಿ ಉಳಿಯುವುದಿಲ್ಲ, ಹುಟ್ಟಿ ಕೆಲವೇ ಗಂಟೆಗಳಲ್ಲಿ ನಡೆಯುತ್ತವೆ. ತಾಯಿ ಕೂಗಿದೊಡನೆ ಇದ್ದಲ್ಲೇ ನೆಲಕ್ಕೆ ಅಂಟಿಕೊಂಡು ಗರಸಾಗಿಬಿಡುತ್ತವೆ. ಗೋಡೆಯ ಬದಿಯಿಂದಲೇ ಒಂದು ಚಿತ್ರ ತೆಗೆದು ಆ ಹಿರಿಯರಿಗೆ ಮೊಬೈಲಿನಲ್ಲಿ ತೋರಿಸಿದೆ. "ಇದರಾಗ ಹಕ್ಕಿ ಎಲ್ಲೈತ್ರೀ, ಬರೇ ಕಲ್ಲದಾವು" ಎಂದರು. ಒಂದು ಮರಿಯನ್ನು ನಾನು ತೋರಿಸಿದೆ. ಉಳಿದ ಎರಡನ್ನು ಅವರೇ ಹುಡುಕಿದರು.