ಮಾನಿಟರ್ 1024x768ಕ್ಕೇ ನಿಂತರೆ ನಾನು ಮಾಡುವುದು

ಲಿನಕ್ಸ್ ಹಾಕಿದ ಮೇಲೆ ಕೆಲವೊಮ್ಮೆ ಫುಲ್ ಎಚ್‌ಡಿ ಮಾನಿಟರ್ 1024x768ಕ್ಕೇ ನಿಂತುಬಿಡುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1920x1080 ಕಾಣುವುದೇ ಇಲ್ಲ. ಆಗ ಎಲ್ಲರೂ ಡ್ರೈವರ್ ಹುಡುಕಲು ಹೊರಡುತ್ತಾರೆ. ಇಂಟೆಲ್, ಎಎಂಡಿ ಗ್ರಾಫಿಕ್ಸ್ ಇದ್ದರೆ ಅದು ಬೇಡದ ಕೆಲಸ. ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಬಂದಿರುತ್ತದೆ.

ನಾನು ಮೊದಲು ನೋಡುವುದು ಬೂಟ್ ಸಾಲನ್ನು, ಅಂದರೆ ಕಂಪ್ಯೂಟರ್ ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳನ್ನು. ಇನ್‌ಸ್ಟಾಲ್ ಮಾಡುವಾಗ ಸ್ಕ್ರೀನ್ ಕಪ್ಪಾಯಿತೆಂದು ಕೊಟ್ಟ ‘ನೋಮೋಡ್‌ಸೆಟ್’ ಎಂಬ ಪದ, ಲಿನಕ್ಸ್ ಅನ್ನು ಶುರುಮಾಡುವ ಗ್ರಬ್‌ನಲ್ಲಿ ಹಾಗೇ ಉಳಿದಿರುತ್ತದೆ. ಅದು ಇರುವವರೆಗೆ ಕರ್ನಲ್ ಗ್ರಾಫಿಕ್ಸ್ ಚಿಪ್ ಅನ್ನು ಮುಟ್ಟುವುದಿಲ್ಲ, ಬೇರೇನು ಮಾಡಿದರೂ ರೆಸಲ್ಯೂಷನ್ ಬದಲಾಗದು. ಗ್ರಬ್ ಫೈಲಿನಿಂದ ಆ ಪದ ತೆಗೆದು, ಅಪ್‌ಡೇಟ್-ಗ್ರಬ್ ಓಡಿಸಿ ರೀಸ್ಟಾರ್ಟ್ ಮಾಡಬೇಕು.

ಅದಿಲ್ಲದಿದ್ದರೆ ಇಡಿಐಡಿ. ಮಾನಿಟರ್ ತನ್ನ ಅಳತೆಗಳನ್ನು ಕಂಪ್ಯೂಟರಿಗೆ ಹೇಳುವ ಪುಟ್ಟ ದಾಖಲೆ ಇದು, ಕನಿಷ್ಠ 128 ಬೈಟ್. ಸಿಸ್ ಡೈರೆಕ್ಟರಿಯಲ್ಲಿ ಕ್ಲಾಸ್, ಅದರಲ್ಲಿ ಡಿಆರ್‌ಎಂ ಎಂಬ ಡೈರೆಕ್ಟರಿಯ ಒಳಗೆ ಒಂದೊಂದು ಪೋರ್ಟಿಗೂ ಇಡಿಐಡಿ ಎಂಬ ಫೈಲ್ ಇರುತ್ತದೆ. ಟರ್ಮಿನಲ್‌ನಲ್ಲಿ ಕ್ಯಾಟ್ (ಫೈಲ್ ಓದುವ ಕಮಾಂಡ್) ಮಾಡಿ ಬೈಟ್ ಎಣಿಸಿ. 128 ಅಥವಾ 256 ಬಂದರೆ ಸರಿ. ಮಾನಿಟರ್ ಹಾಕಿಯೂ 0 ಬಂದರೆ ಅದರ ಮಾತು ಕಂಪ್ಯೂಟರಿಗೆ ಮುಟ್ಟುತ್ತಿಲ್ಲ, ಕರ್ನಲ್ 1024x768 ಎಂದು ಊಹಿಸಿಕೊಂಡಿದೆ.

ಹೀಗಾದಾಗ ಹೆಚ್ಚಾಗಿ ತಪ್ಪು ವಿಜಿಎ ಕೇಬಲ್‌ನದು. ಇಡಿಐಡಿ ಹರಿಯುವುದು 12 ಮತ್ತು 15ನೇ ಪಿನ್‌ನಲ್ಲಿ. ಅಗ್ಗದ ಕೇಬಲ್‌ಗಳಲ್ಲಿ ಆ ತಂತಿಗಳೇ ಇರುವುದಿಲ್ಲ, ಇಲ್ಲವೇ ಪಿನ್ ಬಾಗಿರುತ್ತದೆ. ಬಣ್ಣ ಸಾಗಿಸುವ ಪಿನ್‌ಗಳು ಬೇರೆ, ಹಾಗಾಗಿ ಚಿತ್ರ ಮಾತ್ರ ಚೆನ್ನಾಗಿಯೇ ಬರುತ್ತದೆ, ಕೇಬಲ್ ಮೇಲೆ ಅನುಮಾನವೇ ಹುಟ್ಟದು. ಬೇರೆ ಕೇಬಲ್ ಹಾಕಿ ನೋಡದೆ ಮುಂದಿನ ಹೆಜ್ಜೆ ಇಡಬೇಡಿ. ನಡುವೆ ಸ್ಪ್ಲಿಟರ್ ಇದ್ದರೆ ಅದನ್ನೂ ತೆಗೆಯಿರಿ.

ಕೇಬಲ್ ಬದಲಿಸಿಯೂ ಆಗದಿದ್ದರೆ ಮೋಡ್ ಅನ್ನು, ಅಂದರೆ ರೆಸಲ್ಯೂಷನ್ ಮತ್ತು ಅದರ ವೇಗವನ್ನು, ಕೈಯಾರೆ ಕೊಡಬೇಕು. ಲಿನಕ್ಸ್‌ನಲ್ಲಿ ಸ್ಕ್ರೀನ್ ಮೇಲೆ ಚಿತ್ರ ತೋರಿಸುವ ಹಳೆಯ ವ್ಯವಸ್ಥೆ ಎಕ್ಸ್11. ಅದರಲ್ಲಿ ‘ಸಿವಿಟಿ 1920 1080 60’ ಎಂಬ ಕಮಾಂಡ್ ಕೊಟ್ಟರೆ ಮೋಡ್‌ಲೈನ್, ಅಂದರೆ ಮೋಡ್‌ನ ಪೂರ್ತಿ ಲೆಕ್ಕದ ಸಾಲು ಸಿಗುತ್ತದೆ, ಅದರ ಪಿಕ್ಸೆಲ್ ಕ್ಲಾಕ್ (ಪಿಕ್ಸೆಲ್‌ಗಳನ್ನು ಕಳಿಸುವ ವೇಗ) 173 ಮೆಗಾಹರ್ಟ್ಸ್. ಎಷ್ಟೋ ಜನ ಎಡವುವುದು ಇಲ್ಲೇ. ಸಿಂಗಲ್ ಲಿಂಕ್ ಡಿವಿಐ ಮತ್ತು ಹಳೆಯ ಎಚ್‌ಡಿಎಂಐ ಪೋರ್ಟ್‌ಗಳ ಮಿತಿ 165. ಆದ್ದರಿಂದ ಎಲ್‌ಸಿಡಿಗೆ ನಾನು ‘-ಆರ್’ ಸೇರಿಸುತ್ತೇನೆ. ಚಿತ್ರದ ಸಾಲುಗಳ ನಡುವಿನ ಖಾಲಿ ಸಮಯ ಕಡಿಮೆಯಾಗಿ ಕ್ಲಾಕ್ 138.5ಕ್ಕೆ ಇಳಿಯುತ್ತದೆ. ಸಿಕ್ಕ ಸಾಲನ್ನು ಎಕ್ಸ್11ನಲ್ಲಿ ರೆಸಲ್ಯೂಷನ್ ಬದಲಿಸುವ ಎಕ್ಸ್‌ರ್ಯಾಂಡರ್ ಕಮಾಂಡ್‌ಗೆ ಮೊದಲು ನ್ಯೂಮೋಡ್, ಆಮೇಲೆ ಆಡ್‌ಮೋಡ್, ಕೊನೆಗೆ ಔಟ್‌ಪುಟ್ ಹೆಸರಿನೊಂದಿಗೆ ಮೋಡ್ ಎಂದು ಕೊಡಿ. ಲಾಗ್‌ಔಟ್ ಆದರೆ ಇದು ಹೋಗುತ್ತದೆ. ಸ್ಕ್ರೀನ್ ಸರಿಯಾಗಿ ಬಂದ ಮೇಲಷ್ಟೇ ಮೂರೂ ಸಾಲನ್ನು ಹೋಮ್‌ನ ಎಕ್ಸ್‌ಪ್ರೊಫೈಲ್ ಫೈಲಿಗೆ ಹಾಕಿ.

1366x768 ಮಾನಿಟರ್‌ಗೆ ಸಿವಿಟಿ 1368 ಎಂದು ಕೊಡುತ್ತದೆ. ಅದು ಅಗಲವನ್ನು 8ರ ಗುಣಕಕ್ಕೆ ಏರಿಸುತ್ತದೆ. ಅಕ್ಷರ ಸ್ವಲ್ಪ ಮಸುಕಾದರೆ ಕಾರಣ ಅದೇ.

ಎಕ್ಸ್11ರ ಬದಲಿಗೆ ಬಂದ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲಿ ಎಕ್ಸ್‌ರ್ಯಾಂಡರ್‌ನ ಈ ದಾರಿ ನಡೆಯದು. ಗ್ರಬ್‌ನ ಕರ್ನಲ್ ಸಾಲಿಗೆ ‘ವಿಡಿಯೋ=’ ಬರೆದು ಪೋರ್ಟ್ ಹೆಸರು, ಕೋಲನ್, 1920x1080, ನಂತರ ‘ಎಂಆರ್@60’ ಸೇರಿಸಬೇಕು. ಹೆಸರನ್ನು ಡಿಆರ್‌ಎಂ ಡೈರೆಕ್ಟರಿಯಿಂದಲೇ ನೋಡಿಕೊಳ್ಳಿ. ಎಕ್ಸ್‌ರ್ಯಾಂಡರ್ ಎಚ್‌ಡಿಎಂಐ-1 ಎನ್ನುವ ಪೋರ್ಟಿಗೆ ಕರ್ನಲ್ ಎಚ್‌ಡಿಎಂಐ-ಎ-1 ಎನ್ನುತ್ತದೆ, ಆ ಒಂದು ‘ಎ’ ಬಿಟ್ಟರೂ ಕೆಲಸವಾಗದು.

ವಿಜಿಎಯಲ್ಲಿ ಚಿತ್ರ ಪಕ್ಕಕ್ಕೆ ಸರಿದಿದ್ದರೆ ಮಾನಿಟರ್‌ನ ಆಟೋ ಬಟನ್ ಒತ್ತಿ. ಅದಕ್ಕೆ ಮೊದಲು ಬಿಳಿ ಕಿಟಕಿಯೊಂದನ್ನು ಫುಲ್ ಸ್ಕ್ರೀನ್ ಮಾಡಿ. ಕಪ್ಪು ವಾಲ್‌ಪೇಪರ್ ಇದ್ದರೆ ಅಂಚು ಎಲ್ಲಿದೆ ಎಂದು ಮಾನಿಟರ್‌ಗೆ ತಿಳಿಯುವುದಿಲ್ಲ.