ಕೋರ್ ಎಣಿಸುವ ಮುನ್ನ: ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ವೇಗ ಮತ್ತು ಬೆಲೆಯನ್ನು ಹೋಲಿಸುವ ಕ್ರಮ

ಹೊಸ ಡೆಸ್ಕ್‌ಟಾಪ್ ಜೋಡಿಸಲು ಹೊರಟವರ ಮುಂದೆ 6, 8, 12, 16 ಕೋರ್‌ಗಳ (ಪ್ರೊಸೆಸರ್‌ನೊಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಘಟಕಗಳ) ಪ್ರೊಸೆಸರ್‌ಗಳ ದರಪಟ್ಟಿ ಬಂದಾಗ, ಬಹುಮಂದಿ ಮೊದಲು ಮಾಡುವುದು ಬೆಲೆಯನ್ನು ಕೋರ್‌ಗಳ ಸಂಖ್ಯೆಯಿಂದ ಭಾಗಿಸುವುದು. ಈ ಲೆಕ್ಕ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ, 2022ರ ಸೆಪ್ಟೆಂಬರ್‌ನಲ್ಲಿ ಎಎಂಡಿ ಕಂಪನಿ ಒಟ್ಟಿಗೇ ಮಾರುಕಟ್ಟೆಗೆ ತಂದ ಎರಡು ಪ್ರೊಸೆಸರ್‌ಗಳನ್ನು ನೋಡಬಹುದು. 6 ಕೋರ್‌ಗಳ ರೈಜೆನ್ 5 7600ಎಕ್ಸ್‌ನ ಬಿಡುಗಡೆ ಬೆಲೆ 299 ಡಾಲರ್. 16 ಕೋರ್‌ಗಳ ರೈಜೆನ್ 9 7950ಎಕ್ಸ್‌ನದು 699 ಡಾಲರ್. ಮೊದಲನೆಯದರಲ್ಲಿ ಕೋರ್ ಒಂದಕ್ಕೆ ಸುಮಾರು 50 ಡಾಲರ್ ಬಿದ್ದರೆ ಎರಡನೆಯದರಲ್ಲಿ ಸುಮಾರು 44 ಡಾಲರ್ ಬೀಳುತ್ತದೆ. ದುಬಾರಿಯದೇ ಅಗ್ಗ ಎಂದಂತಾಯಿತು. ಒಬ್ಬರ ಪಾಲಿಗೆ ಇದು ನಿಜವೂ ಹೌದು. ಇನ್ನೊಬ್ಬರ ಪಾಲಿಗೆ ಹೆಚ್ಚುವರಿ 400 ಡಾಲರ್ ಬಹುತೇಕ ವ್ಯರ್ಥ. ಇಬ್ಬರಲ್ಲಿ ನೀವು ಯಾರೆಂಬುದನ್ನು ದರಪಟ್ಟಿ ಹೇಳಲಾರದು, ನಿಮ್ಮ ಕೆಲಸ ಹೇಳುತ್ತದೆ.

ಆದ್ದರಿಂದ ಹೋಲಿಕೆಯನ್ನು ಈಗಾಗಲೇ ಮನೆಯಲ್ಲಿರುವ ಕಂಪ್ಯೂಟರಿನಿಂದ ಆರಂಭಿಸಬೇಕು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಆರಿಸಿ, ನಿಮ್ಮನ್ನು ನಿಜಕ್ಕೂ ಕಾಯಿಸುವ ಕೆಲಸವನ್ನೇ ಓಡಿಸಿ ಬಳಕೆಯ ಪ್ರಮಾಣವನ್ನು ಗಮನಿಸಿರಿ. ಇಲ್ಲಿ ಹಲವರು ಎಡವುವ ಒಂದು ಸೂಕ್ಷ್ಮವಿದೆ. 12 ಥ್ರೆಡ್‌ಗಳ, ಅಂದರೆ ಏಕಕಾಲಕ್ಕೆ 12 ಕೆಲಸದ ಎಳೆಗಳನ್ನು ಓಡಿಸಬಲ್ಲ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿಯುತ್ತಿದ್ದರೂ ಒಟ್ಟು ಬಳಕೆ ಸುಮಾರು ಶೇ. 8 ಎಂದಷ್ಟೇ ಕಾಣುತ್ತದೆ. ಅದನ್ನು ಕಂಡು ಪ್ರೊಸೆಸರ್ ಬಿಡುವಾಗಿದೆ ಎಂದುಕೊಳ್ಳುವುದು ತಪ್ಪು. ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಮತ್ತು ಇಂಟರ್‌ನೆಟ್ ಯಾವುವೂ ತುಂಬಿರದೆ ನೀವು ಕಾಯುತ್ತಲೇ ಇದ್ದೀರಾದರೆ, ಆ ಕೆಲಸ ಒಂದೇ ಕೋರಿನ ವೇಗಕ್ಕೆ ಕಟ್ಟುಬಿದ್ದಿದೆ ಎಂದು ತಿಳಿಯಬೇಕು. ಅಂಥವರಿಗೆ ಇನ್ನೂ 10 ಕೋರ್ ಕೊಟ್ಟರೂ ಕಾಯುವುದು ತಪ್ಪದು.

ಲೆಕ್ಕಪತ್ರ, ಬ್ರೌಸರ್, ನಕ್ಷೆ ಬಿಡಿಸುವ ಬಹುಪಾಲು ಕೆಲಸ ಈ ಜಾತಿಗೆ ಸೇರುತ್ತವೆ. 3ಡಿ ಚಿತ್ರಗಳ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಪ್ರೊಸೆಸರ್ ಮೇಲೆ ರೆಂಡರ್ ಮಾಡುವುದು (ಅಂತಿಮ ಚಿತ್ರ ರೂಪಿಸುವುದು) ಅಥವಾ ದೊಡ್ಡ ತಂತ್ರಾಂಶವನ್ನು ಕಂಪೈಲ್ ಮಾಡುವುದು ಇದಕ್ಕೆ ವಿರುದ್ಧ ತುದಿಯಲ್ಲಿವೆ. ನನಗೆ ಆಪ್ತವಾದ ಉದಾಹರಣೆಯೆಂದರೆ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್‌ಗಳನ್ನು ಟೆಸೆರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶದ ಮೂಲಕ ಪಠ್ಯವಾಗಿಸುವುದು. ಒಂದು ಪುಟಕ್ಕೂ ಇನ್ನೊಂದಕ್ಕೂ ಅವಲಂಬನೆಯಿಲ್ಲದ ಕಾರಣ, ಪ್ರತಿ ಪುಟಕ್ಕೆ ಒಂದೇ ಥ್ರೆಡ್ ಎಂದು ಮಿತಿ ಹಾಕಿ ಹಲವು ಪುಟಗಳನ್ನು ಏಕಕಾಲಕ್ಕೆ ಓಡಿಸಿದರೆ 16 ಕೋರ್‌ಗಳೂ ದುಡಿಯುತ್ತವೆ. ಅದೇ ಪುಸ್ತಕವನ್ನು ಒಂದರ ನಂತರ ಒಂದು ಪುಟದಂತೆ ಓಡಿಸಿದರೆ ಹೆಚ್ಚಿನ ಕೋರ್‌ಗಳು ಸುಮ್ಮನಿರುತ್ತವೆ. ಹೊಸ ಪ್ರೊಸೆಸರ್‌ಗೆ ಹಣ ಕೊಡುವ ಮೊದಲು ಕೆಲಸ ಓಡಿಸುವ ಕ್ರಮವನ್ನು ಸರಿಪಡಿಸಲಾದೀತೇ ಎಂದು ನೋಡಬೇಕಾದದ್ದು ಇದಕ್ಕಾಗಿಯೇ.

ಕೋರ್‌ಗಳು ಹೆಚ್ಚಿದಂತೆ ಲಾಭ ಏಕೆ ಕುಗ್ಗುತ್ತದೆ ಎಂಬುದನ್ನು ಐಬಿಎಂನಲ್ಲಿದ್ದ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದರು. ಅವರ ವಾದವನ್ನು ಸೂತ್ರವಿಲ್ಲದೆ ನಿಮಿಷಗಳಲ್ಲೇ ಹೇಳಬಹುದು. ಒಂದೇ ಕೋರಿನಲ್ಲಿ 100 ನಿಮಿಷ ಹಿಡಿಯುವ ಕೆಲಸವೊಂದರಲ್ಲಿ 90 ನಿಮಿಷದ ಭಾಗವನ್ನು ಹಂಚಬಹುದು, 10 ನಿಮಿಷದ ಭಾಗವನ್ನು ಹಂಚಲಾಗದು ಎಂದಿಟ್ಟುಕೊಳ್ಳೋಣ. 6 ಕೋರ್‌ಗಳಲ್ಲಿ ಅದು 10 ಮತ್ತು 15 ಸೇರಿ 25 ನಿಮಿಷವಾಗುತ್ತದೆ. 16 ಕೋರ್‌ಗಳಲ್ಲಿ ಸುಮಾರು 15.6 ನಿಮಿಷವಾಗುತ್ತದೆ. ಹಂಚಬಹುದಾದ ಭಾಗ ಅರ್ಧದಷ್ಟೇ ಇದ್ದರೆ 6 ಕೋರ್‌ಗಳಲ್ಲಿ 58.3 ನಿಮಿಷ, 16 ಕೋರ್‌ಗಳಲ್ಲಿ 53.1 ನಿಮಿಷ. ಉಳಿತಾಯವಾದದ್ದು ಐದೇ ನಿಮಿಷ.

ಈಗ ಬೆಲೆಗೆ ಬರೋಣ. ಪ್ರೊಸೆಸರ್ ಒಂಟಿಯಾಗಿ ದುಡಿಯುವುದಿಲ್ಲವಾದ್ದರಿಂದ ಭಾಗಿಸಬೇಕಾದದ್ದು ಇಡೀ ಕಂಪ್ಯೂಟರಿನ ಬೆಲೆಯನ್ನು. ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ), ಕೂಲರ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಸೇರಿ 7600ಎಕ್ಸ್‌ಗೆ 700 ಡಾಲರ್, ಹೆಚ್ಚು ಬಿಸಿಯಾಗುವ 7950ಎಕ್ಸ್‌ಗೆ 800 ಡಾಲರ್ ಆಗುತ್ತದೆ ಎಂದು ಹಿಡಿದರೆ ಒಟ್ಟು ಬೆಲೆ 999 ಮತ್ತು 1,499 ಡಾಲರ್ ಆಗುತ್ತದೆ. ಪ್ರೊಸೆಸರ್‌ಗಳನ್ನಷ್ಟೇ ನೋಡಿದಾಗ 2.3 ಪಟ್ಟು ಇದ್ದ ಅಂತರ ಇಲ್ಲಿ ಒಂದೂವರೆ ಪಟ್ಟಿಗೆ ಇಳಿಯಿತು. ಶೇ. 90ರಷ್ಟು ಹಂಚಬಹುದಾದ ಕೆಲಸ 1.6 ಪಟ್ಟು ವೇಗವಾಗುವುದರಿಂದ ಅಂಥವರಿಗೆ 16 ಕೋರ್ ಸಮರ್ಥನೀಯ. ಅರ್ಧವಷ್ಟೇ ಹಂಚಬಹುದಾದವರು ಅದೇ ಒಂದೂವರೆ ಪಟ್ಟು ಹಣಕ್ಕೆ ಶೇ. 10ರಷ್ಟು ವೇಗ ಪಡೆಯುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವವರು ಡಾಲರ್ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಕೂರದೆ, ಶೇ. 18ರ ಜಿಎಸ್‌ಟಿ ಸೇರಿದ ಅಂದಿನ ದರವನ್ನೇ ಬರೆಸಿಕೊಂಡು ಈ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಮೇಲಿನ ಲೆಕ್ಕ ಹೊಂದಿದ್ದು ಎರಡೂ ಪ್ರೊಸೆಸರ್‌ಗಳ ಕೋರ್‌ಗಳು ಒಂದೇ ವಿನ್ಯಾಸದವಾದ್ದರಿಂದ. ಬೇರೆ ಪೀಳಿಗೆ ಅಥವಾ ಬೇರೆ ಕಂಪನಿಯ ಕೋರ್‌ಗಳನ್ನು ಎಣಿಕೆಯಿಂದ ಹೋಲಿಸಲೇಬಾರದು. 2011ರಲ್ಲಿ 8 ಕೋರ್‌ಗಳೆಂದು ಬಂದ ಎಎಂಡಿಯ ಎಫ್‌ಎಕ್ಸ್-8150ರಲ್ಲಿ ಎರಡೆರಡು ಕೋರ್‌ಗಳು ಕೆಲವು ಘಟಕಗಳನ್ನು ಹಂಚಿಕೊಂಡಿದ್ದವು. ಒಂದೇ ಥ್ರೆಡ್ಡಿನ ಕೆಲಸದಲ್ಲಿ ಅದು ಇಂಟೆಲ್‌ನ 4 ಕೋರ್‌ಗಳ ಕೋರ್ ಐ5-2500ಕೆಗಿಂತ ಹಿಂದುಳಿಯಿತು. 2021ರ 12ನೇ ಪೀಳಿಗೆಯಿಂದ ಇಂಟೆಲ್ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ದೊಡ್ಡ ಮತ್ತು ಚಿಕ್ಕ ಕೋರ್‌ಗಳನ್ನು ಬೆರೆಸುತ್ತಿದೆ. ಕೋರ್ ಐ5-13600ಕೆಯ 14 ಕೋರ್‌ಗಳಲ್ಲಿ ದೊಡ್ಡವು 6, ಚಿಕ್ಕವು 8. ಥ್ರೆಡ್‌ಗಳ ಎಣಿಕೆಯೂ ಭರವಸೆಯ ಅಳತೆಯಲ್ಲ: 2024ರ ಕೋರ್ ಅಲ್ಟ್ರಾ 9 285ಕೆಯಲ್ಲಿ 24 ಕೋರ್‌ಗಳಿಗೆ 24 ಥ್ರೆಡ್‌ಗಳಷ್ಟೇ ಇವೆ.

ಅಲ್ಲಿಗೆ ಉಳಿಯುವುದು ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಪರೀಕ್ಷೆ. ಸಿನೆಬೆಂಚ್ ಒಂದು ಕೋರಿನ ಅಂಕವನ್ನೂ ಎಲ್ಲ ಕೋರ್‌ಗಳ ಅಂಕವನ್ನೂ ಪ್ರತ್ಯೇಕವಾಗಿ ಕೊಡುವುದರಿಂದ ಮೊದಲ ನೋಟಕ್ಕೆ ಅನುಕೂಲ, ಆದರೆ ಅದು ರೆಂಡರಿಂಗ್ ಪರೀಕ್ಷೆ ಎಂಬುದನ್ನು ಮರೆಯಬಾರದು. ನಿಮ್ಮ ಕೆಲಸಕ್ಕೆ ಹತ್ತಿರವಾದ ಪರೀಕ್ಷೆ ಸಿಕ್ಕರೆ ಅದಕ್ಕೇ ಹೆಚ್ಚಿನ ತೂಕ ಕೊಡಿರಿ: ಫೈಲ್ ಕುಗ್ಗಿಸುವವರಿಗೆ 7-ಜಿಪ್, ವಿಡಿಯೊ ಪರಿವರ್ತಿಸುವವರಿಗೆ ಹ್ಯಾಂಡ್‌ಬ್ರೇಕ್. ಆಟಗಳ ವಿಷಯದಲ್ಲಿ ಕೋರ್‌ಗಳಿಗಿಂತ ಕ್ಯಾಶ್ (ಪ್ರೊಸೆಸರ್‌ನೊಳಗಿನ ಅತಿವೇಗದ ಮೆಮೊರಿ) ಮುಖ್ಯವಾಗಬಹುದು. 2023ರ ರೈಜೆನ್ 7 7800ಎಕ್ಸ್3ಡಿ 8 ಕೋರ್‌ಗಳದ್ದಾದರೂ 96 ಎಂಬಿ ಎಲ್3 ಕ್ಯಾಶ್‌ನ ಬಲದಿಂದ ಅನೇಕ ಆಟಗಳಲ್ಲಿ 16 ಕೋರ್‌ಗಳ 7950ಎಕ್ಸ್ ಅನ್ನು ಹಿಂದಿಕ್ಕುತ್ತದೆ. ರೆಂಡರಿಂಗ್‌ನಲ್ಲಿ ಮಾತ್ರ 7950ಎಕ್ಸ್‌ಗೆ ಸಾಟಿಯಾಗದು. ಅಂಕಗಳನ್ನು ಹೋಲಿಸುವಾಗ ಎರಡೂ ಕಡೆ ರ್‍ಯಾಮ್ ವೇಗ ಮತ್ತು ವಿದ್ಯುತ್ ಮಿತಿ ಏನಿತ್ತೆಂದು ನೋಡಬೇಕು, ಅರ್ಧ ನಿಮಿಷದ ಓಟಕ್ಕಿಂತ 10 ನಿಮಿಷದ ಓಟವನ್ನು ನಂಬಬೇಕು.

ಡಬ್ಬಿಯ ಮೇಲಿನ ವ್ಯಾಟ್ ಸಂಖ್ಯೆಯನ್ನೂ ಎಚ್ಚರದಿಂದ ಓದಬೇಕು. 7950ಎಕ್ಸ್‌ನ ಟಿಡಿಪಿ (ಕೂಲರ್ ಆಯ್ಕೆಗೆಂದು ಕಂಪನಿ ಕೊಡುವ ಶಾಖದ ಅಂದಾಜು) 170 ವ್ಯಾಟ್ ಎಂದಿದ್ದರೂ ಅದಕ್ಕೆ 230 ವ್ಯಾಟ್‌ವರೆಗೆ ಎಳೆಯಲು ಅವಕಾಶವಿದೆ. ಕೋರ್ ಐ9-13900ಕೆಯ ಮೂಲ ಮಿತಿ 125 ವ್ಯಾಟ್, ಗರಿಷ್ಠ ಟರ್ಬೊ ಮಿತಿ 253 ವ್ಯಾಟ್. ಎರಡು ಪ್ರೊಸೆಸರ್‌ಗಳ ನಡುವೆ 100 ವ್ಯಾಟ್ ಅಂತರವಿದ್ದು ವರ್ಷಕ್ಕೆ 300 ದಿನ, ದಿನಕ್ಕೆ 5 ಗಂಟೆ ಪೂರ್ಣ ಹೊರೆ ಹೊತ್ತರೆ 150 ಯೂನಿಟ್ ಹೆಚ್ಚಾಗುತ್ತದೆ. ಯೂನಿಟ್‌ಗೆ 6 ರೂಪಾಯಿ ಎಂದರೂ 900 ರೂಪಾಯಿ. ಬಿಲ್ಲಿನಲ್ಲಿ ಅದು ದೊಡ್ಡ ಮೊತ್ತವಲ್ಲ. ನಿಜವಾದ ಖರ್ಚು ಕೂಲರ್ ಮತ್ತು ಎಸ್‌ಎಂಪಿಎಸ್‌ನಲ್ಲಿದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಎ.ಸಿ. ಇಲ್ಲದ ಕೋಣೆಯಲ್ಲಿ ಕೆಲಸ ಮಾಡುವವರು, ತಂಪಾದ ಕೋಣೆಯಲ್ಲಿ ನಡೆದ ಪರೀಕ್ಷೆಯ ಅಂಕ ತಮಗೂ ಸಿಕ್ಕೀತೆಂದು ನಿರೀಕ್ಷಿಸಬಾರದು.

ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗವಾದ ಸಾಕೆಟ್‌ನ ಆಯುಸ್ಸು ಸಹ ಬೆಲೆಯ ಭಾಗವೇ. 2017ರಲ್ಲಿ ಮೊದಲ ರೈಜೆನ್‌ಗಾಗಿ ಎಎಂ4 ಸಾಕೆಟ್‌ನ ಬೋರ್ಡ್ ಕೊಂಡ ಹಲವರು ಬಯೊಸ್ (ಬೋರ್ಡ್‌ನ ಮೂಲ ತಂತ್ರಾಂಶ) ನವೀಕರಿಸಿ 2022ರ ರೈಜೆನ್ 7 5800ಎಕ್ಸ್3ಡಿಯನ್ನು ಅದರಲ್ಲೇ ಕೂರಿಸಿದರು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ 12ರಿಂದ 14ನೇ ಪೀಳಿಗೆಯವರೆಗೆ ಬಂದು, ಕೋರ್ ಅಲ್ಟ್ರಾ 200 ಸರಣಿಗೆ ಹೊಸ ಸಾಕೆಟ್ ಬೇಕಾಯಿತು. ಇನ್ನೊಂದೆಡೆ, ಎಲ್‌ಜಿಎ1700ರಲ್ಲಿ ಡಿಡಿಆರ್4 ಬೋರ್ಡ್‌ಗಳೂ ಇರುವುದರಿಂದ ಹಳೆಯ ರ್‍ಯಾಮ್ ಬಳಸಿಕೊಳ್ಳಬಹುದು. ಎಎಂ4ರ ನಂತರ ಬಂದ ಎಎಂ5ರಲ್ಲಿ ಡಿಡಿಆರ್5 ಮಾತ್ರ ನಡೆಯುತ್ತದೆ.

ಕೊನೆಯದಾಗಿ ಅಂಗಡಿಯಲ್ಲಿ ಎರಡು ವಿಷಯ ಖಚಿತಪಡಿಸಿಕೊಳ್ಳಿರಿ. ಇಂಟೆಲ್ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಬೇರೆ ಕಾರ್ಡ್ ಕೊಳ್ಳದೆ ಪರದೆಯಲ್ಲಿ ಏನೂ ಮೂಡದು. 13 ಅಥವಾ 14ನೇ ಪೀಳಿಗೆಯ ಇಂಟೆಲ್ ಕೆ ಸರಣಿಯನ್ನು ಹಳೆಯ ಮಾಲಾಗಿ ಕೊಳ್ಳುವುದಾದರೆ, ಹೆಚ್ಚಿನ ವೋಲ್ಟೇಜ್‌ನಿಂದ ಅವು ಕೆಡುತ್ತಿದ್ದ ದೋಷಕ್ಕೆ 2024ರ ಆಗಸ್ಟ್‌ನಿಂದ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳ ಸೂಚನೆಗಳ) ತಿದ್ದುಪಡಿ ಬಂದಿದೆ. ಆದರೆ ಆಗಲೇ ಕೆಟ್ಟದ್ದನ್ನು ಅದು ಸರಿಪಡಿಸುವುದಿಲ್ಲ. ಹೀಗಾಗಿ ಬಯೊಸ್ ನವೀಕರಿಸಿ, ಮಾರುವವರ ಎದುರಿನಲ್ಲೇ ಎಲ್ಲ ಕೋರ್‌ಗಳ ಮೇಲೆ ದೀರ್ಘ ಓಟ ನಡೆಸಿ, ವಾರಂಟಿ ಎಷ್ಟು ಉಳಿದಿದೆಯೆಂದು ಬಿಲ್ಲಿನಲ್ಲಿ ನೋಡಿಯೇ ಹಣ ಕೊಡಿರಿ.