ಕೊಡಪಾನ ತುಂಬಲು ಎಷ್ಟು ಹೊತ್ತು?

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಎಣ್ಮಕಜೆ ಪಂಚಾಯತಿನಲ್ಲಿ. ಸ್ವಲ್ಪ ಅಡಿಕೆ ತೋಟ ಉಂಟು. ಗಂಡ ತೋಟ ನೋಡಿಕೊಂಡು ಬಾಡಿಗೆಗೆ ಜೀಪು ಓಡಿಸುತ್ತಾರೆ, ನಾನು ಅಂಗನವಾಡಿ ಟೀಚರ್. ಮನೆಯಲ್ಲಿ ಡಿಗ್ರಿ ಮಾಡಿದವರು ಯಾರೂ ಇಲ್ಲ. ಮಗ ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ. ಪ್ಲಸ್ ವನ್‌ನಲ್ಲಿ, ಅಂದರೆ ಹನ್ನೊಂದನೆಯಲ್ಲಿ, ಸಯನ್ಸ್ ತೆಗೆದುಕೊಂಡ ಮೇಲೆ ಪುಸ್ತಕ ಎಲ್ಲಾ ಇಂಗ್ಲಿಷ್, ಕ್ಲಾಸಿನಲ್ಲಿ ಅರ್ಧ ಮಲಯಾಳ. ಕಳೆದ ವರ್ಷ ಅವನು ಯೂನಿವರ್ಸಿಟಿಗಳಿಗೆ ಅರ್ಜಿ ಹಾಕಿದಾಗ ನಾನು ಏನು ಮಾಡಿದೆ, ಎಲ್ಲಿ ತಪ್ಪಿದೆ ಎಂದು ಬರೆಯುತ್ತಿದ್ದೇನೆ. ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಉಪಯೋಗ ಆದರೆ ಸಂತೋಷ.

ಕಾಗದಪತ್ರದಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ಮಾತ್ರ ನಾವು ಪೂರ್ತಿ ಹೊರೆ ಹೊತ್ತುಕೊಳ್ಳಬಹುದು, ಓದುವ ಮಕ್ಕಳ ತಲೆ ಮೇಲೆ ಅದನ್ನು ಹಾಕಬಾರದು. ಮೊದಲ ತೊಂದರೆ ಹೆಸರಿನದ್ದು. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿ ಅವನ ಹೆಸರಿನ ಹಿಂದೆ ಒಂದು ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಮನೆಯಲ್ಲಿ ಇದು ಯಾರಿಗೂ ಲೆಕ್ಕಕ್ಕೇ ಬಂದಿರಲಿಲ್ಲ. ಆನ್‌ಲೈನ್ ಫಾರ್ಮ್‌ಗೆ ಮಾತ್ರ ಅದು ಮೂರು ಬೇರೆ ಬೇರೆ ಮನುಷ್ಯರು. ಆಧಾರನ್ನು ಎಸ್ಸೆಸ್ಸೆಲ್ಸಿಗೆ ಸರಿಯಾಗಿ ತಿದ್ದಿಸಲು ನಮಗೆ ಒಂದು ತಿಂಗಳು ಹಿಡಿಯಿತು.

ಎರಡನೆಯದು ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್, ಒಬಿಸಿಯಲ್ಲಿ ಅನುಕೂಲಸ್ಥರಲ್ಲದವರಿಗೆ ಮೀಸಲಾತಿ ಸಿಗಲು ಬೇಕಾದದ್ದು. ನಾವು ಒಬಿಸಿ. ಸರ್ಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಕೊಟ್ಟೆವು, ವಿಲ್ಲೇಜ್ ಆಫೀಸಿನಿಂದ ಆಗಿ ಬಂತು, ನಿಶ್ಚಿಂತೆಯಿಂದ ಕೂತೆವು. ಆದರೆ ಅದು ರಾಜ್ಯದ ನಮೂನೆ. ಕೇಂದ್ರದ ಯೂನಿವರ್ಸಿಟಿಗಳಿಗೆ ಬೇಕಾದ ನಮೂನೆಯೇ ಬೇರೆ, ತಾರೀಕು ಕೂಡಾ ಆ ವರ್ಷದ ಏಪ್ರಿಲ್ 1 ಅಥವಾ ಅದರ ನಂತರದ್ದು ಆಗಿರಬೇಕು. ಇದು ಗೊತ್ತಿಲ್ಲದೆ ಒಂದು ಕಡೆ ಅವನ ಅರ್ಜಿ ಜನರಲ್ ಲೆಕ್ಕಕ್ಕೆ ಹೋಯಿತು. ನಾನು ನಿಯಮ ಸರಿಯಾಗಿ ಓದದೆ ಆದದ್ದು, ಇವತ್ತಿಗೂ ಬೇಜಾರಿದೆ. ಅರ್ಜಿ ಕೊಡುವಾಗಲೇ 'ಕೇಂದ್ರ ಸರ್ಕಾರದ ಉದ್ದೇಶಕ್ಕೆ' ಎಂದು ಬಾಯಿಬಿಟ್ಟು ಹೇಳಿ.

ಮೂರನೆಯದು ಗಡಿನಾಡು ಕನ್ನಡಿಗರ ವಿಷಯ. ನಮ್ಮವರಲ್ಲಿ ಎಷ್ಟೋ ಜನರಿಗೆ ಇದು ಈಗಲೂ ಗೊತ್ತಿಲ್ಲ. ಕೇರಳದಲ್ಲಿ ಓದಿದರೂ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನ ಕನ್ನಡ ಮಕ್ಕಳು ಕರ್ನಾಟಕದ ಸಿಇಟಿಯಲ್ಲಿ ಸೀಟಿಗೆ ಅರ್ಹರು. ಒಂದರಿಂದ ಹನ್ನೆರಡರ ಒಳಗೆ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು, ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಮತ್ತೆ ಕನ್ನಡದ ಒಂದು ಪರೀಕ್ಷೆ ಬರೆಯಬೇಕು. 50 ಅಂಕದ ಪರೀಕ್ಷೆ, 12 ಬಂದರೆ ಸಾಕು. ಕನ್ನಡ ಶಾಲೆಯ ಮಕ್ಕಳಿಗೆ ಅದೇನೂ ಕಷ್ಟವಲ್ಲ. ಕಷ್ಟ ಇರುವುದು ಶಾಲೆಯ ವ್ಯಾಸಂಗ ಪತ್ರ, ತಹಶೀಲ್ದಾರರ ಸರ್ಟಿಫಿಕೇಟ್ ಇದೆಲ್ಲಾ ಹೊಂದಿಸುವುದರಲ್ಲಿ. ಉಪ್ಪಳದ ತಾಲೂಕು ಕಚೇರಿಗೆ ಹೋಗಿ ಬರಲು ನನಗೆ ಅರ್ಧ ದಿನ ಬೇಕು, ಮೂರು ಸಲ ಹೋದೆ. ಇನ್ನೊಂದು ಮಾತು, ಕರ್ನಾಟಕದ ಪಿಯು ಮಕ್ಕಳ ಅಂಕ ತಾನಾಗಿಯೇ ಸೇರಿಕೊಳ್ಳುತ್ತದೆ, ನಮ್ಮ ಮಕ್ಕಳ ಪ್ಲಸ್ ಟು ಅಂಕವನ್ನು ನಾವೇ ಸಿಇಟಿ ನಡೆಸುವ ಕೆಇಎಯ ಸೈಟಿನಲ್ಲಿ ಹಾಕಬೇಕು. ಅದನ್ನು ಮರೆತರೆ ಬರೆದ ಪರೀಕ್ಷೆಯೇ ವ್ಯರ್ಥ.

ಒಂದು ನೀಲಿ ಫೈಲು, ಒಂದು ನೋಟು ಪುಸ್ತಕ ಇಟ್ಟುಕೊಂಡೆ. ಅರ್ಜಿ ನಂಬರ್, ಪಾಸ್‌ವರ್ಡ್, ಕೊನೆಯ ದಿನ, ಕಟ್ಟಿದ ಫೀಸು ಎಲ್ಲಾ ಅದರಲ್ಲಿ ಕೈಯಲ್ಲೇ ಬರೆದೆ. ಫೋನ್ ಕೆಟ್ಟರೂ ಪುಸ್ತಕ ಕೆಡುವುದಿಲ್ಲ.

ಪರೀಕ್ಷೆಗಳ ಬಗ್ಗೆ ನಾನು ಹೇಳಲು ಜಾಸ್ತಿ ಇಲ್ಲ, ಅದು ಅವನು ಮತ್ತು ಅವನ ಟೀಚರುಗಳು ನೋಡಿಕೊಂಡದ್ದು. ಕೇಂದ್ರದ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆ ಸಿಯುಇಟಿಯನ್ನು 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಇದೆ ಎಂದು ಗೊತ್ತಾದಾಗ ನನಗೆ ತುಂಬಾ ಖುಷಿಯಾಗಿ 'ಕನ್ನಡದಲ್ಲೇ ಬರಿ' ಎಂದೆ. ಅವನು ಒಂದು ಹಳೇ ಪ್ರಶ್ನೆಪತ್ರಿಕೆ ಮಾಡಿ ನೋಡಿದ. ಫಿಸಿಕ್ಸಿನಲ್ಲಿ 'ವೇಗೋತ್ಕರ್ಷ' ಎಂದು ಕಂಡರೆ ಅದು ಆಕ್ಸಿಲರೇಶನ್ ಎಂದು ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕು, ಎರಡು ವರ್ಷ ಇಂಗ್ಲಿಷಿನಲ್ಲೇ ಕಲಿತದ್ದಲ್ವಾ. ಕೊನೆಗೆ ವಿಷಯಗಳನ್ನು ಇಂಗ್ಲಿಷಿನಲ್ಲಿ ಬರೆದ, ಕನ್ನಡವನ್ನು ಭಾಷಾ ಪತ್ರಿಕೆಯಾಗಿ ತೆಗೆದುಕೊಂಡ. ಮಕ್ಕಳು ಒಂದು ಪತ್ರಿಕೆ ಮಾಡಿ ನೋಡಿಯೇ ಇದನ್ನು ತೀರ್ಮಾನಿಸಲಿ, ನಮ್ಮ ಅಭಿಮಾನದಿಂದ ನಾವು ತೀರ್ಮಾನ ಮಾಡಬಾರದು.

ಈಗ ಸಂದರ್ಶನದ ವಿಷಯ. ಸಿಇಟಿ, ಸಿಯುಇಟಿ, ಮತ್ತೆ ಕೇಂದ್ರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳ ಪರೀಕ್ಷೆಯಲ್ಲಿ ಸಂದರ್ಶನ ಇಲ್ಲ, ಅಂಕ ಬಂದರೆ ಆಯಿತು. ಅಜೀಂ ಪ್ರೇಮ್‌ಜಿ, ಅಶೋಕದಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಯ ಜೊತೆಗೆ ಸಂದರ್ಶನವೂ ಇದೆ. ಆ ತರದ ಎರಡು ಕಡೆಗೆ ಅವನಿಗೆ ಕರೆ ಬಂತು, ಒಂದು ಫೆಬ್ರವರಿಯಲ್ಲಿ ಆನ್‌ಲೈನ್, ಇನ್ನೊಂದು ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ. ಯಾವುವು ಎಂದು ಹೇಳುವುದಿಲ್ಲ.

ನಮಗೆ ಸಂದರ್ಶನ ಅಂದರೆ ಕೆಲಸಕ್ಕೆ ಮಾಡುವುದು ಎಂದಷ್ಟೇ ಗೊತ್ತು. ಹೆದರಿ ಪೇಟೆಯ ಒಂದು ಕೋಚಿಂಗ್ ಸೆಂಟರಿಗೆ ಕಳಿಸಿದೆ. ನಾಲ್ಕು ದಿನಕ್ಕೆ ಮೂರು ಸಾವಿರ ರೂಪಾಯಿ. ಅವರು ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರ ಜೆರಾಕ್ಸ್ ಮಾಡಿ ಕೊಟ್ಟರು. ನಿಮ್ಮ ದೌರ್ಬಲ್ಯ ಏನು ಎಂದು ಕೇಳಿದರೆ 'ನಾನು ಯಾವ ಕೆಲಸವನ್ನೂ ಪರ್ಫೆಕ್ಟ್ ಆಗುವವರೆಗೆ ಬಿಡುವುದಿಲ್ಲ' ಅನ್ನಬೇಕಂತೆ. ಮಗ ರಾತ್ರಿ ಕೂತು ಅದನ್ನೆಲ್ಲಾ ಬಾಯಿಪಾಠ ಮಾಡಿದ. ನಾನು ಹಾಳೆ ಹಿಡಿದು ಪ್ರಶ್ನೆ ಕೇಳುತ್ತಿದ್ದೆ, ಒಂದು ಶಬ್ದ ತಪ್ಪಿದರೂ ತಿದ್ದುತ್ತಿದ್ದೆ.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಆನ್‌ಲೈನ್ ಸಂದರ್ಶನಕ್ಕೆ ಬದಿಯಡ್ಕದಲ್ಲಿರುವ ನನ್ನ ಅಣ್ಣನ ಮನೆಗೆ ಹೋದೆವು. ಮಗ ಕೋಣೆಯೊಳಗೆ ಲ್ಯಾಪ್‌ಟಾಪಿನ ಮುಂದೆ, ನಾನು ಬಾಗಿಲ ಸಂದಿಯಲ್ಲಿ. ಮೊದಲ ಎರಡು ಉತ್ತರ ಚೆನ್ನಾಗಿ ಹೇಳಿದ. ಪರಿಸರದ ಬಗ್ಗೆ ಆಸಕ್ತಿ ಎಂದು ಹಾಳೆಯಲ್ಲಿದ್ದದ್ದನ್ನೂ ಹೇಳಿದ. ಆಗ ಅಲ್ಲಿಂದ ಒಬ್ಬರು 'ಆಸಕ್ತಿ ಅಂದರೆ ಏನು ಮಾಡಿದ್ದೀಯ?' ಎಂದು ಕೇಳಿದರು. ಹಾಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅವನು ಸುಮ್ಮನಾದ. ಐದು ಸೆಕೆಂಡು, ಹತ್ತು ಸೆಕೆಂಡು. ನನಗೆ ತಡೆಯಲು ಆಗಲಿಲ್ಲ. 'ಗಿಡ ನೆಟ್ಟದ್ದು ಹೇಳು, ಶಾಲೆಯಲ್ಲಿ ಗಿಡ ನೆಟ್ಟದ್ದು' ಎಂದು ಪಿಸುಗುಟ್ಟಿದೆ.

ಅವರಿಗೆ ಕೇಳಿಸಿತು. 'ಕೋಣೆಯಲ್ಲಿ ಇನ್ಯಾರಾದರೂ ಇದ್ದಾರಾ?' ಎಂದು ಕೇಳಿದರು. ಮಗ ನನ್ನ ಕಡೆ ತಿರುಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. 'ನನ್ನ ಅಮ್ಮ ಇದ್ದಾರೆ, ಸಾರಿ' ಅಂದ. ಆಮೇಲೆ ಸಂದರ್ಶನ ಮೂರು ನಿಮಿಷದಲ್ಲಿ ಮುಗಿಯಿತು. ಆ ಸೀಟು ಸಿಗಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಅವನು ಮುಂದೆ ಕೂತ, ನಾನು ಹಿಂದೆ. ಎರಡು ದಿನ ಅವನು ಮಾತಾಡಲಿಲ್ಲ. ಮೂರನೇ ದಿನ ನಾನೇ ಹೋಗಿ 'ನನ್ನದು ತಪ್ಪಾಯಿತು ಮಗಾ' ಎಂದೆ. ಮಕ್ಕಳ ಹತ್ತಿರ ಹಾಗೆ ಹೇಳುವ ರೂಢಿ ನಮ್ಮಲ್ಲಿ ಇಲ್ಲ, ಆದರೆ ಹೇಳದೆ ಮುಂದೆ ಹೋಗಲು ದಾರಿ ಇರಲಿಲ್ಲ. ಅವನು 'ನಿನ್ನದಲ್ಲ ಅಮ್ಮ, ನನ್ನ ಹತ್ತಿರ ಹೇಳ್ಲಿಕ್ಕೆ ಏನೂ ಇರಲಿಲ್ಲ' ಅಂದ.

ಆ ಮಾತು ನನ್ನನ್ನು ಬಹಳ ಕಾಡಿತು. ಹೇಳಲು ಏನೂ ಇಲ್ಲ ಅಂದರೆ ಹೇಗೆ? ಅಂಗನವಾಡಿಗೆ ಬರುವ ಮೂರು ವರ್ಷದ ಮಗುವಿನ ಹತ್ತಿರವೂ ಹೇಳಲು ರಾಶಿ ಇರುತ್ತದೆ. ಏನು ತಿಂದು ಬಂದೆ ಎಂದು ಕೇಳಿದರೆ ದೋಸೆಯಿಂದ ಶುರುವಾಗಿ ನಾಯಿಮರಿಯವರೆಗೆ ಹೋಗುತ್ತದೆ. ಆ ಮಕ್ಕಳ ಹತ್ತಿರ ನಾವು ಸರಿ ಉತ್ತರ ಕೇಳುವುದಿಲ್ಲ, ಅವರು ಕಂಡದ್ದನ್ನು ಕೇಳುತ್ತೇವೆ. ಹದಿನೇಳು ವರ್ಷದವನ ಹತ್ತಿರ ನಾನು ಹಾಳೆಯಲ್ಲಿ ಇದ್ದದ್ದನ್ನು ಮಾತ್ರ ಕೇಳಿದ್ದೆ.

ಆ ಜೆರಾಕ್ಸನ್ನು ಬದಿಗಿಟ್ಟೆವು. ರಾತ್ರಿ ಊಟದ ಹೊತ್ತಿಗೆ ಹತ್ತು ನಿಮಿಷ ಮಾತು, ಅಷ್ಟೇ. ಒಂದು ವಿಷಯ ಅವನು ಹೇಳಬೇಕು, ನಾವು 'ಯಾಕೆ' ಎಂದು ಕೇಳಬೇಕು. ಮೊದಲು ಕನ್ನಡದಲ್ಲಿ, ಅದೇ ವಿಷಯ ಮರುದಿನ ಇಂಗ್ಲಿಷಿನಲ್ಲಿ. ನನಗೆ ಅವನ ಇಂಗ್ಲಿಷ್ ಪೂರ್ತಿ ಅರ್ಥ ಆಗದಿದ್ದರೂ ಅವನು ಎಲ್ಲಿ ತಡವರಿಸುತ್ತಾನೆ ಎಂದು ಗೊತ್ತಾಗುತ್ತಿತ್ತು. ಹೆಚ್ಚಾಗಿ ಅದು ಇಂಗ್ಲಿಷಿನ ತೊಂದರೆ ಆಗಿರುತ್ತಿರಲಿಲ್ಲ, ಕನ್ನಡದಲ್ಲೂ ಅವನು ಅಲ್ಲೇ ತಡವರಿಸಿರುತ್ತಿದ್ದ.

ಮೂರನೆಯದೋ ನಾಲ್ಕನೆಯದೋ ದಿನ ಸುರಂಗದ ಮಾತು ಬಂತು. ನಮ್ಮ ಕಡೆಯವರಲ್ಲದವರಿಗೆ ಹೇಳುತ್ತೇನೆ, ಇದು ರೈಲಿನ ಸುರಂಗ ಅಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ, ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟು ಅಗಲದ ನೀರಿನ ಗುಹೆ. ಪಂಪು ಬೇಡ, ಕರೆಂಟು ಬೇಡ, ಗುಡ್ಡದ ಒಳಗಿನ ಒಸರು ತಾನಾಗಿ ಹೊರಗೆ ಹರಿದು ಬರುತ್ತದೆ. ನಮ್ಮದು ಮಾವನ ಅಪ್ಪ ತೋಡಿಸಿದ್ದು, ಉದ್ದ ನಲವತ್ತು ಕೋಲು. ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಅಂಗಳಕ್ಕೆ ಬರುತ್ತಿತ್ತು, ಈಗ ಪೈಪು ಹಾಕಿದ್ದೇವೆ. ಮಗ ಆ ನೀರು ಕುಡಿದೇ ದೊಡ್ಡವನಾದವನು. 'ನಮ್ಮ ಸುರಂಗದಲ್ಲಿ ಈಗ ನೀರು ಕಮ್ಮಿ' ಅಂದ. ನಾನು 'ಯಾಕೆ' ಎಂದೆ. 'ಮೇಲಿನ ಮನೆಯವರು ಬೋರ್‌ವೆಲ್ ಹಾಕಿದ್ದಕ್ಕೆ.' ಮಾವ ಉಣ್ಣುತ್ತಾ ಇದ್ದವರು ತಲೆ ಎತ್ತಿ 'ಅದು ನಿನಗೆ ಹೇಗೆ ಗೊತ್ತು? ಹೋದ ವರ್ಷ ತುಲಾ ತಿಂಗಳ ಮಳೆಯೂ ಕಮ್ಮಿ ಅಲ್ವಾ?' ಎಂದು ಕೇಳಿದರು. ಅವನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಸಂಜೆ ಪೈಪಿನ ಬಾಯಿಗೆ ಕೊಡಪಾನ ಇಟ್ಟು ಫೋನಿನಲ್ಲಿ ಟೈಮ್ ನೋಡಿದ. ಎರಡು ನಿಮಿಷ ಹತ್ತು ಸೆಕೆಂಡಿಗೆ ತುಂಬಿತು. ನನ್ನ ನೋಟು ಪುಸ್ತಕದ ಹಿಂದಿನ ಪುಟದಲ್ಲೇ ಬರೆದಿಟ್ಟ. ಆಮೇಲೆ ಅದು ದಿನಚರಿ ಆಯಿತು. ಮಾರ್ಚಿನಲ್ಲಿ ಪ್ಲಸ್ ಟು ಪರೀಕ್ಷೆ ನಡೆಯುವಾಗಲೂ ಸಂಜೆ ಅದೇ ಕೊಡಪಾನ, ಅದೇ ಜಾಗ. ಅಜ್ಜ ಜೊತೆಗೆ ಕಲ್ಲಿನ ಮೇಲೆ ಕೂತುಕೊಂಡು ಹಳೇ ಕಥೆ ಹೇಳುತ್ತಿದ್ದರು. ಸುರಂಗ ತೋಡುವಾಗ ಒಳಗೆ ದೀಪ ಇಟ್ಟುಕೊಳ್ಳುತ್ತಿದ್ದರಂತೆ, ದೀಪ ನಂದಿದರೆ ಗಾಳಿ ಸಾಲದು ಎಂದು ಕೆಲಸದವನು ಕೂಡಲೇ ಹೊರಗೆ ಬರಬೇಕಂತೆ. ಏಪ್ರಿಲ್ ಅರ್ಧಕ್ಕೆ ಕೊಡಪಾನ ತುಂಬಲು ಐದು ನಿಮಿಷ ದಾಟಿತು. ನಡುವೆ ಒಂದು ದಿನ ಜೋರು ಮಳೆ ಬಂತು. ನೀರು ಜಾಸ್ತಿಯಾಗಬಹುದು ಎಂದು ಅವನು ಕಾದ. ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಅಜ್ಜ ಮೊಮ್ಮಗ ಎರಡು ದಿನ ವಾದ ಮಾಡಿದರು. ಇದರಲ್ಲಿ ಯಾವುದನ್ನೂ ನಾನು ಸಂದರ್ಶನಕ್ಕೆ ಎಂದು ಮಾಡಿಸಲಿಲ್ಲ.

ಬೆಂಗಳೂರಿಗೆ ಅವನ ಅಪ್ಪನೂ ಬರುತ್ತೇನೆ ಎಂದರು, ಚಿಕ್ಕಪ್ಪನೂ ಬರುತ್ತೇನೆ ಎಂದರು. ನಾನೊಬ್ಬಳೇ ಹೋದೆ, ಜಾಸ್ತಿ ಜನ ಹೋದಷ್ಟೂ ಅವನಿಗೆ ಭಾರ. ಪೆರ್ಲದಿಂದ ವಿಟ್ಲ ದಾಟಿ ಕಲ್ಲಡ್ಕ, ಅಲ್ಲಿಂದ ರಾತ್ರಿ ಬಸ್ಸು. ಶಿರಾಡಿ ಘಾಟಿಯಲ್ಲಿ ಅವನಿಗೆ ವಾಂತಿಯಾಗುತ್ತದೆ, ಅದಕ್ಕೆ ರಾತ್ರಿ ಬರೀ ಗಂಜಿ ಕೊಟ್ಟಿದ್ದೆ. ಬೆಳಿಗ್ಗೆ ಸಂಬಂಧಿಕರ ಮನೆಯಲ್ಲಿ ಸ್ನಾನ, ಇಡ್ಲಿ. ಹೊಸ ಬಟ್ಟೆ ತೆಗೆಯಲಿಲ್ಲ, ಒಗೆದು ಇಸ್ತ್ರಿ ಹಾಕಿದ ಹಳೇ ಅಂಗಿಯೇ. ಗೇಟಿನ ಹತ್ತಿರ ಎಷ್ಟೋ ಅಪ್ಪ ಅಮ್ಮಂದಿರು ಕೊನೆಯ ನಿಮಿಷದವರೆಗೆ ಮಕ್ಕಳಿಗೆ ಏನೇನೋ ಹೇಳಿಕೊಡುತ್ತಿದ್ದರು. ನನಗೂ ನಾಲಿಗೆ ತುದಿಗೆ ಬಂತು. 'ನೀರು ಕುಡಿದು ಹೋಗು' ಎಂದಷ್ಟೇ ಹೇಳಿ ದೂರದ ಮರದ ಬುಡದಲ್ಲಿ ಕೂತೆ.

ಒಳಗೆ ನಡೆದದ್ದನ್ನು ವಾಪಸು ಬರುವಾಗ ಅವನೇ ಹೇಳಿದ. ನಿಮ್ಮ ಊರಿನ ಬಗ್ಗೆ ಹೇಳು ಎಂದರಂತೆ, ಇವನು ಸುರಂಗದಿಂದ ಶುರು ಮಾಡಿದ. ನಡುವೆ 'ಮುರಕಲ್ಲು' ಎಂಬುದಕ್ಕೆ ಇಂಗ್ಲಿಷ್ ಶಬ್ದ ಮರೆತು ಕನ್ನಡದಲ್ಲೇ ಹೇಳಿದ, ಅವರಲ್ಲೊಬ್ಬರು 'ಲ್ಯಾಟರೈಟ್' ಎಂದು ನೆನಪಿಸಿದರು. ನೀರಿನ ಲೆಕ್ಕ ಹೇಳಿದಾಗ ಅವರು ಮುಂದೆ ಬಾಗಿ 'ಹಾಗಾದರೆ ಕಾರಣ ಬೋರ್‌ವೆಲ್ ಅನ್ನಬಹುದಾ?' ಎಂದು ಕೇಳಿದರು. 'ಒಂದು ನಿಮಿಷ ಯೋಚಿಸಬಹುದಾ' ಎಂದು ಕೇಳಿ ಸುಮ್ಮನೆ ಕೂತನಂತೆ. ಆಮೇಲೆ 'ಅನ್ನಲು ಆಗುವುದಿಲ್ಲ. ನಾನು ಮೂರು ತಿಂಗಳು ಮಾತ್ರ ಅಳೆದದ್ದು. ಬೋರ್‌ವೆಲ್ ಹಾಕುವ ಮೊದಲಿನ ಲೆಕ್ಕ ನನ್ನ ಹತ್ತಿರ ಇಲ್ಲ, ಮಳೆಯ ಲೆಕ್ಕವೂ ಇಲ್ಲ' ಎಂದ. ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಮಾತು ಹೋಯಿತು. ಇದನ್ನೆಲ್ಲಾ ಹೇಳುವಾಗ ಅವನ ಮುಖ ನೋಡಬೇಕಿತ್ತು. ಬಸ್ಸಿನಲ್ಲಿ ಈ ಸಲ ನನ್ನ ಪಕ್ಕದಲ್ಲೇ ಕೂತಿದ್ದ.

ಫಲಿತಾಂಶಕ್ಕೆ ಕಾದ ದಿನಗಳು ಪರೀಕ್ಷೆಗಿಂತ ಕಷ್ಟ. ಮದುವೆ ಮನೆ, ಭೂತಕೋಲದ ಗದ್ದೆ, ಎಲ್ಲಿ ಹೋದರೂ 'ಮಗನಿಗೆ ಎಲ್ಲಿ ಸಿಕ್ಕಿತು?' ಎಂಬ ಪ್ರಶ್ನೆ. ಅವನ ಎದುರು ಯಾರೇ ಕೇಳಿದರೂ ನಾನೇ 'ಗೊತ್ತಾದ ಕೂಡಲೇ ಹೇಳ್ತೇವೆ' ಎಂದು ಮುಗಿಸುತ್ತಿದ್ದೆ. ಬೆಂಗಳೂರಿನದ್ದು ಮೊದಲು ವೇಟಿಂಗ್ ಲಿಸ್ಟ್ ಎಂದು ಬಂತು. ಸಿಇಟಿಯಲ್ಲಿ ಬಿಎಸ್ಸಿ ಅಗ್ರಿಗೆ ಬರಬಹುದಾದ ರ‍್ಯಾಂಕ್ ಇತ್ತು. ಗಂಡನಿಗೆ ಅದೇ ಸಾಕು ಎಂದು, ಮಗನಿಗೆ ಕಾಯಬೇಕು ಎಂದು. ಎರಡನ್ನೂ ಬಿಡದೆ ಇಟ್ಟುಕೊಂಡೆವು, ಯಾವ ದಿನದೊಳಗೆ ಎಷ್ಟು ಹಣ ಕಟ್ಟಬೇಕು, ಬಿಟ್ಟರೆ ಎಷ್ಟು ವಾಪಸು ಬರುತ್ತದೆ ಎಂದು ಪುಸ್ತಕದಲ್ಲಿ ಎದುರುಬದುರು ಬರೆದೆ. ಜೂನ್ ಕೊನೆಗೆ ಬೆಂಗಳೂರಿನಿಂದ ಸೀಟು ಬಂತು, ಫೀಸಿನ ದೊಡ್ಡ ಪಾಲಿಗೆ ಸ್ಕಾಲರ್‌ಶಿಪ್ ಕೂಡಾ. ಅದಕ್ಕೆ ಆದಾಯದ ಸರ್ಟಿಫಿಕೇಟ್ ಬೇಕಾಯಿತು, ಈ ಸಲ ಫೈಲಿನಲ್ಲಿ ತಯಾರಿತ್ತು.

ಅವನು ಈಗ ಹಾಸ್ಟೆಲಿನಲ್ಲಿದ್ದಾನೆ. ಕೊಡಪಾನದ ಲೆಕ್ಕ ಮಾವ ಮುಂದುವರಿಸಿದ್ದಾರೆ, ಭಾನುವಾರ ಫೋನಿನಲ್ಲಿ ಅದನ್ನೇ ಮೊದಲು ಓದಿ ಹೇಳುತ್ತಾರೆ. ಮಗಳು ಪ್ಲಸ್ ವನ್. ಅವಳ ಆಧಾರ್‌ನ ಹೆಸರು ಎಸ್ಸೆಸ್ಸೆಲ್ಸಿಗೆ ಸರಿಯಾಗಿ ತಿದ್ದಿಸಲು ಹೋದ ವಾರವೇ ಅಕ್ಷಯಕ್ಕೆ ಹೋಗಿ ಅರ್ಜಿ ಕೊಟ್ಟು ಬಂದೆವು.